ಇಬಾದಾನ್‌ಗೆ ಒಂದು ಫೋನು

6 ಮಾರ್ಚ್ 2006, ಸೋಮವಾರ

ಬೆಳಗ್ಗೆ ಮೂವರಿಗೆ ನುಂಗುವ ಪರೀಕ್ಷೆ. ಮಧ್ಯಾಹ್ನ ಹೊಸಬರೊಬ್ಬರು — ಒಯೆಡೆಲೆ ಅಜಿಬಾದೆ, ನೈಜೀರಿಯಾದವರು, ಅರವತ್ತೆಂಟು ವರ್ಷ. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕೆಂದು ಡಾ. ಲಿಮ್ ಹೇಳಿಯಾಗಿದೆ. ಆಪರೇಷನ್‌ಗೆ ಮೊದಲು ಸ್ಪೀಚ್ ಥೆರಪಿಸ್ಟ್ ರೋಗಿಯ ಜೊತೆ ಕೂತು ವಿವರಿಸಬೇಕು. ನಮ್ಮಲ್ಲಿ ಅದು ಪದ್ಧತಿ. ಇನ್ನು ಮುಂದೆ ಕುತ್ತಿಗೆಯಲ್ಲೊಂದು ತೂತು, ಉಸಿರಾಟ ಅದರಲ್ಲೇ. ಕುತ್ತಿಗೆಗೆ ಒತ್ತಿ ಹಿಡಿಯುವ ಪುಟ್ಟ ಯಂತ್ರ, ಮಾತು ಅದರಲ್ಲಿ. ಪ್ಲಾಸ್ಟಿಕ್ ಮಾದರಿ ಬಿಚ್ಚಿ ತೋರಿಸಿದೆ. ಎಂದಿನಂತೆ.

ಜೊತೆಗೆ ಮಗಳು ಫೊಲಾಕೆ. ಸೆಂಬವಾಂಗ್‌ನ ಶಿಪ್‌ಯಾರ್ಡ್ ಒಂದರಲ್ಲಿ ಎಂಜಿನಿಯರ್. ಹಳೆಯ ಟ್ಯಾಂಕರೊಂದನ್ನು ಅವರ ದೇಶದ ಸಮುದ್ರದಲ್ಲಿ ಎಣ್ಣೆ ತೆಗೆಯುವ ಹಡಗಾಗಿ ಮಾರ್ಪಡಿಸುತ್ತಿದ್ದಾರಂತೆ. ಅದು ಮುಗಿಯುವವರೆಗೆ ಇಲ್ಲೇ ವಾಸ. ದನಿ ಒಡೆದು ಆರು ತಿಂಗಳಾದರೂ ಅಪ್ಪ ಜೇನು, ಬೇರು ಅಂತ ಕುಡಿಯುತ್ತಿದ್ದರಂತೆ. ಎಳೆದುಕೊಂಡು ಬಂದಿದ್ದಾಳೆ.

ಕೆಲಸವೇನೆಂದು ಕೇಳಿದೆ. ಸಿನಿಮಾ ನಟ. ಯೊರುಬಾ ಭಾಷೆಯಲ್ಲಿ.

"ನಮ್ಮ ಕಡೆ ಇವರ ಮುಖಕ್ಕಿಂತ ದನಿ ಫೇಮಸ್ ಮ್ಯಾಡಮ್," ಅಂದಳು. "ಮುಖಕ್ಕೆ ಯಾವಾಗ್ಲೂ ಬಣ್ಣ, ಗಡ್ಡ. ಮಂತ್ರವಾದಿ ಪಾರ್ಟು. ಕಣ್ಮುಚ್ಕೊಂಡು ಕೇಳಿದ್ರೆ ಮಾತ್ರ ಯಾರು ಬೇಕಾದ್ರೂ ಹೇಳ್ತಾರೆ."

ಅವರು ಮಾದರಿಯ ಕುತ್ತಿಗೆಯನ್ನೇ ನೋಡುತ್ತಿದ್ದರು. ಮರಳು ಜರಡಿ ಹಿಡಿದಂಥ ದನಿ. "ಆಮೇಲೆ ನಾನು ಮಾತಾಡ್ತೀನಾ?"

"ಮಾತಾಡ್ತೀರಿ ಅಂಕಲ್. ಬೇರೆ ಥರ. ಆದ್ರೆ ಮಾತಾಡ್ತೀರಿ."

"ನಮ್ಮ ಜನದ ಹತ್ರ?"

"ಎಲ್ಲರ ಹತ್ರ."

ಎಲ್ಲ ರೋಗಿಗಳಿಗೂ ಹೇಳುವ ಮಾತು. ಹೇಳಿದೊಡನೆ ಅವರ ಹೆಗಲು ಸಡಿಲವಾಗುತ್ತದೆ. ಇವರದ್ದೂ ಆಯಿತು. ಮಗಳ ಕಡೆ ತಿರುಗಿ ತಲೆಯಾಡಿಸಿದರು — ಒಪ್ಪಿದೆ ಎಂಬಂತೆ.

ಬರುವಾಗ ಲಿಟಲ್ ಇಂಡಿಯಾದಲ್ಲಿ ಇಳಿದು ನುಗ್ಗೆಕಾಯಿ, ಕರಿಬೇವು.

9 ಮಾರ್ಚ್, ಗುರುವಾರ

ಅಜಿಬಾದೆ ಮತ್ತೆ. ಮಾತು ಕಡಿಮೆ ಮಾಡಿ ಅಂದೆ. ಇನ್ನು ಯಾರಿಗೆ ಉಳಿಸಿಡಲಿ ಅಂದರು. ಸರಿಯೇ.

ಹದಿನಾಲ್ಕಕ್ಕೆ ಮನೆ ಬಿಟ್ಟು ಊರೂರು ತಿರುಗುವ ನಾಟಕದ ತಂಡ ಸೇರಿದವರು. ಅಪ್ಪ ಕೋಕೋ ವ್ಯಾಪಾರಿ. ಮಗ ಭಿಕ್ಷುಕನಾದ ಎಂದು ಸಂತೆಯಲ್ಲಿ ನಿಂತು ಅತ್ತರಂತೆ. ಒಂದು ಲಾರಿ, ಅದರಲ್ಲಿ ಡೋಲು, ಜನರೇಟರು, ಹೆಂಗಸರು, ಮಕ್ಕಳು. ಹಗಲು ಲಾರಿಯ ಮೇಲೆ ನಿಂತು ಕೂಗಿ ಜನ ಕೂಡಿಸುವುದು, ಸಂಜೆ ನಾಟಕ. ಮೈಕ್ ಇಲ್ಲ. ನಟಿಯರು ಬೇರೆ ತಂಡಕ್ಕೆ ಹಾರಿಹೋಗದಿರಲೆಂದು ಯಜಮಾನರೇ ಅವರನ್ನು ಮದುವೆಯಾಗಿಬಿಡುತ್ತಿದ್ದರಂತೆ. ಸ್ವಂತ ತಂಡ ಕಟ್ಟಿದಾಗ ಇವರೂ ಮೂವರನ್ನು ಆದರು.

"ಉಪಯೋಗ ಆಯ್ತಾ?" ಕೇಳಬಾರದಿತ್ತು, ಬಾಯಿಗೆ ಬಂತು.

"ಆದ್ರೂ ಇಬ್ರು ಹೋದ್ರು."

ಉಳಿದವರು ಫೊಲಾಕೆಯ ತಾಯಿ. ಇಬಾದಾನ್‌ನ ಮನೆಯಲ್ಲಿದ್ದಾರೆ. ಈಯಾ ಫೊಲಾಕೆ ಎನ್ನುತ್ತಾರೆ — ಫೊಲಾಕೆಯ ಅಮ್ಮ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಮ್ಮಜ್ಜಿಯನ್ನೂ ಹಾಗೇ ಕರೆಯುತ್ತಿದ್ದರು.

ಆಮೇಲೆ ಸಿನಿಮಾ. ನಿಜವಾದ ಫಿಲ್ಮು, ಒಂದೇ ಪ್ರಿಂಟು. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಊರೂರಿಗೆ ಒಯ್ದು, ಶಾಲೆಯ ಹಾಲ್‌ಗಳಲ್ಲಿ ತೋರಿಸಿ, ಬಾಗಿಲಲ್ಲಿ ತಾವೇ ನಿಂತು ಟಿಕೆಟ್ ಹರಿಯುವುದು. ಬೇರೆಯವರ ಕೈಗೆ ಕೊಟ್ಟರೆ ಬೆಳಗಾಗುವುದರೊಳಗೆ ಕಳ್ಳ ಪ್ರತಿ. ಎಂಬತ್ತರ ದಶಕದ ಕೊನೆಗೆ ಅವರ ದುಡ್ಡಿನ ಬೆಲೆ ಬಿತ್ತು, ಹೊರಗಿಂದ ಫಿಲ್ಮ್ ತರಿಸುವುದು ನಿಂತಿತು. ಮೂರು ವರ್ಷ ಕೋಳಿ ಸಾಕಿದರು. ಆಮೇಲೆ ವಿಡಿಯೋ, ಈಗ ವಿಸಿಡಿ. ಹತ್ತು ದಿನಕ್ಕೊಂದು ಸಿನಿಮಾ, ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಜೊತೆ ಮಾರಾಟ. ಎಲ್ಲ ಕಥೆಗೂ ಒಬ್ಬ ಮಂತ್ರವಾದಿ ಬೇಕು. ಒಂದೇ ವೇಷದಲ್ಲಿ ಒಂದೇ ದಿನ ಮೂರು ಸಿನಿಮಾಕ್ಕೆ ನಿಂತದ್ದೂ ಉಂಟಂತೆ.

"ಅಪ್ಪ ಶಾಪ ಹಾಕಿ ಹಾಕಿ ನನ್ನ ಎಂಜಿನಿಯರ್ ಮಾಡಿದ್ದು," ಅಂದಳು ಫೊಲಾಕೆ.

ನಕ್ಕರು. ನಗು ಕೆಮ್ಮಾಯಿತು. ಕರವಸ್ತ್ರದಲ್ಲಿ ರಕ್ತ. ಮಗಳಿಗೆ ಕಾಣದಂತೆ ಮಡಚಿಕೊಂಡರು.

12 ಮಾರ್ಚ್, ಭಾನುವಾರ, ಮಧ್ಯಾಹ್ನ

ಫೊಲಾಕೆ ಕೊಟ್ಟ ವಿಸಿಡಿ ಹಾಕಿದೆ. ಕೇಶವ ಪೇಪರ್ ಹಿಡಿದು ಕೂತಿದ್ದರು, ಹತ್ತು ನಿಮಿಷಕ್ಕೆ ಪೇಪರ್ ಮಡಚಿದರು.

"ಏನೇ ಇದು, ನಮ್ಮ ಕಂಪನಿ ನಾಟಕದ ಥರಾನೇ ಇದೆ. ವಿಲನ್ ಬರೋಕ್ಮುಂಚೆ ಡೋಲು ಬರತ್ತೆ."

ಚಿತ್ರ ಒರಟು. ಕೋಣೆಯ ದೀಪ ಗೋಡೆಗೆ ಬಿದ್ದು ನೆರಳು ಎರಡೆರಡು. ಕೊನೆಗೆ ಇವರು ಬಂದರು — ಕೊಂಬು ಹಿಡಿದು, ಮುಖಕ್ಕೆ ಸುಣ್ಣ. ಬಾಯಿ ತೆರೆದರು. ಮಗ ನೀರಜ್ ಕಂಪ್ಯೂಟರ್ ಬಿಟ್ಟು ಎದ್ದು ಬಂದ. ಏರಿ, ಇಳಿದು, ನಿಂತು, ಮತ್ತೆ ಒಂದೇ ಸಮನೆ... ಒಂದು ಪದ ತಿಳಿಯದೆ ಕೂತಿದ್ದೆವು ಮೂವರೂ. ಇಂಥ ಉಸಿರಿನ ಹಿಡಿತ ನನ್ನ ವೃತ್ತಿಯಲ್ಲಿ ನೋಡಿಲ್ಲ. ಎಲ್ಲಿ ಉಸಿರು ತೆಗೆದರೆಂದು ಎರಡು ಸಲ ಹಿಂದೆ ಓಡಿಸಿ ನೋಡಿದೆ, ಸಿಗಲಿಲ್ಲ.

ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಅಷ್ಟು ಹೊತ್ತಿಗೂ ಒಂದೇ ಸಾಲು ನಿಂತಿತ್ತು: ಅವನು ಮಂತ್ರ ಹೇಳುತ್ತಿದ್ದಾನೆ.

"ಆ ಅಂಕಲ್ ವಾಯ್ಸ್ ತೆಗೆದುಬಿಡ್ತಾರಾ?" ನೀರಜ್ ಕೇಳಿದ. "ಸೋ ವೇಸ್ಟೆಡ್ ಲಾ."

ತೆಗೆಯದಿದ್ದರೆ ವರ್ಷದೊಳಗೆ ಸಾವು. ಹಾಗೆ ಹೇಳಿದೆ. ತಿರುಗಿ ಕಂಪ್ಯೂಟರಿಗೆ ಹೋದ.

20 ಮಾರ್ಚ್

ಆಪರೇಷನ್ ಆಯಿತು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವಂತೆ. ಡಾ. ಲಿಮ್ ಖುಷಿಯಾಗಿದ್ದಾರೆ.

5 ಏಪ್ರಿಲ್, ಬುಧವಾರ

ಇವತ್ತು ಮೊದಲ ಸಲ ಯಂತ್ರ ಕೊಟ್ಟೆ. ಕುತ್ತಿಗೆಯ ಊತ ಇಳಿದಿಲ್ಲ, ಯಂತ್ರಕ್ಕೆ ಸಿಕ್ಕಿಸಿದ ಕೊಳವೆಯನ್ನು ಬಾಯಿಯೊಳಗೆ ಇಟ್ಟೇ ಹೇಳಿಸಿದೆ. ಎಲ್ಲರೂ ಗುಂಡಿ ಒತ್ತಿ ಮಾತು ಮರೆಯುತ್ತಾರೆ, ಇಲ್ಲವೇ ಮಾತಾಡಿ ಗುಂಡಿ ಮರೆಯುತ್ತಾರೆ. ಇವರು ಎರಡನೇ ಸಲಕ್ಕೇ ಹಿಡಿದರು. ನಟರಲ್ಲವೇ. ನೀರು ಬೇಕು, ಗುಡ್ ಮಾರ್ನಿಂಗ್, ನನ್ನ ಹೆಸರು ಅಜಿಬಾದೆ. ಝೇಂಕಾರದ ದನಿ, ಆದರೆ ಸ್ಪಷ್ಟ. ವಾರ್ಡಿನ ನರ್ಸುಗಳು ಚಪ್ಪಾಳೆ ತಟ್ಟಿದರು. ಹಾಸಿಗೆಯಲ್ಲೇ ಕೂತು ಬಾಗಿ ನಮಸ್ಕರಿಸಿದರು.

ಫೊಲಾಕೆ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಸಂತೋಷ ಅಂದುಕೊಂಡೆ.

23 ಜೂನ್, ಶುಕ್ರವಾರ

ರೇಡಿಯೇಷನ್ ಮುಗಿದು ಮೊದಲ ಭೇಟಿ. ತೂಕ ಇಳಿದಿದೆ. ಅನ್ನನಾಳದಿಂದ ದನಿ ಹೊರಡಿಸುವುದನ್ನು ಕಲಿಸಲು ನೋಡಿದೆ, ಸುಟ್ಟ ಗಂಟಲಲ್ಲಿ ಆಗುತ್ತಿಲ್ಲ. ಮಾತಿಗಾಗಿ ತೂತಿನೊಳಗೆ ಕೂರಿಸುವ ಕವಾಟ ಡಾ. ಲಿಮ್ ಬೇಡ ಅಂದರು — ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು, ಇವರು ಊರಿಗೆ ಹೋದ ಮೇಲೆ ಬದಲಿಸುವವರು ಯಾರು. ಯಂತ್ರವೇ ಗತಿ. ಅದರಲ್ಲಿ ಮಾತ್ರ ಇಡೀ ವಿಭಾಗದಲ್ಲಿ ಇವರಷ್ಟು ಚೆನ್ನಾಗಿ ಯಾರೂ ಇಲ್ಲ. ವಾಕ್ಯಗಳ ಪರೀಕ್ಷೆಯಲ್ಲಿ ತಪ್ಪೇ ಇಲ್ಲ. ವಾರ್ಡಿನ ನರ್ಸಿನ ಜೊತೆ ಆಸ್ಪತ್ರೆಯ ಫೋನಿನಲ್ಲೂ ಮಾತಾಡಿಸಿದೆ. ಆಕೆ ಎಲ್ಲವನ್ನೂ ತಿರುಗಿ ಹೇಳಿದಳು.

"ಇನ್ನು ಮನೆಗೆ ನೀವೇ ಫೋನ್ ಮಾಡಬಹುದು," ಅಂದೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಇವರ ಕೇಸ್ ಹೇಳಿದೆ. ಮುಖ್ಯಸ್ಥೆ ಹೊಗಳಿದರು. ಹತ್ತೊಂಬತ್ತು ವರ್ಷದಿಂದ ಈ ಕೆಲಸ, ಹೊಗಳಿಕೆ ಕೇಳಿ ಕಿವಿ ಬಿಸಿಯಾಯಿತು.

9 ಜುಲೈ, ಭಾನುವಾರ

ಫೊಲಾಕೆ ನಮ್ಮ ಮನೆಯ ನಂಬರಿಗೇ ಫೋನ್ ಮಾಡಿದಳು. ಮೊದಲ ಸಲ.

ಇಬಾದಾನ್‌ಗೆ ಫೋನ್ ಮಾಡಿದ್ದಾರೆ. ಇಷ್ಟು ದಿನ ಅಮ್ಮನ ಹತ್ತಿರ ಮಗಳೇ ಮಾತಾಡುತ್ತಿದ್ದಳು. ಇವತ್ತು ಅಪ್ಪನೇ ಅಂತ ಮೊದಲೇ ತಿಳಿಸಿದ್ದಳು. ಈಯಾ ಫೊಲಾಕೆ ಅಕ್ಕಪಕ್ಕದವರನ್ನು ಕೂಡಿಸಿಕೊಂಡು, ಹೊಸ ಬಟ್ಟೆ ಉಟ್ಟು ಕಾಯುತ್ತಿದ್ದರಂತೆ. ಇವರು ಮಾತಾಡಿದರು. ಮತ್ತೆ ಹೇಳಿದರು. ಯಾರದು ಅಂದರು ಆಕೆ. ಮೂರನೇ ಸಲಕ್ಕೆ ಅತ್ತ ಕಿರುಚಾಟ, ಫೋನ್ ಕಟ್.

"ಒಂದು ಪದಾನೂ ಗೊತ್ತಾಗ್ಲಿಲ್ವಂತೆ ಮ್ಯಾಡಮ್. ಯಾವುದೋ ಯಂತ್ರ ಇಟ್ಟು ನನ್ನ ಗಂಡನ ಹೆಸರಲ್ಲಿ ಆಟ ಆಡ್ತಿದಾರೆ ಅಂತಿದಾಳೆ ಅಮ್ಮ. ಅಪ್ಪ ಹೋಗ್ಬಿಟ್ಟಿದಾರೆ, ನಾನು ಮುಚ್ಚಿಡ್ತಿದೀನಿ ಅಂತ."

ಅವರು ಫೋನಿನಲ್ಲಿ ಆಡಿದ್ದು ಯಾವ ಭಾಷೆಯಲ್ಲಿ ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಯಿತು.

"ಅಮ್ಮನ ಹತ್ರ ಇಂಗ್ಲಿಷ್‌ನಲ್ಲಿ ಮಾತಾಡ್ತಾರಾ?" ಅಂದಳು ಫೊಲಾಕೆ.

10 ಜುಲೈ

ಯೊರುಬಾದಲ್ಲಿ ಸ್ವರವೇ ಅರ್ಥ. ಎತ್ತರ, ನಡು, ತಗ್ಗು — ಮೂರು. ಸ್ವರ ಬದಲಾದರೆ ಪದ ಬದಲು. ಯಂತ್ರಕ್ಕಿರುವುದು ಒಂದೇ ಝೇಂಕಾರ. ಇಂಗ್ಲಿಷಿಗೆ ಸಾಕು. ನಮ್ಮ ಚೀನೀ ರೋಗಿಗಳೂ ಇದರಲ್ಲೇ ಹೇಗೋ ನಡೆಸುತ್ತಾರೆ — ಎದುರಿಗೆ ಮನೆಯವರಿರುತ್ತಾರೆ, ತುಟಿ ನೋಡುತ್ತಾರೆ, ಊಹಿಸುತ್ತಾರೆ. ಫೋನಿನ ಆ ತುದಿಗೆ ತುಟಿ ಇಲ್ಲ.

ಗೊತ್ತಿರಲಿಲ್ಲವೇ? ಮಾನಸಗಂಗೋತ್ರಿಯಲ್ಲಿ ಎರಡನೇ ವರ್ಷದ ಪಾಠ. ಪರೀಕ್ಷೆಗೆ ಬರೆದಿದ್ದೇನೆ. ಆದರೆ ನಮ್ಮ ವಿಭಾಗದ ವಾಕ್ಯಗಳು ಇಂಗ್ಲಿಷ್, ಮ್ಯಾಂಡರಿನ್, ಮಲಯ್, ತಮಿಳಿನಲ್ಲಿವೆ. ಉಳಿದವರಿಗೆಲ್ಲ ಇಂಗ್ಲಿಷಿನ ಕಂತೆ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಕೇಳಲಿಲ್ಲ.

ಅವರು ಕೇಳಿದ್ದರು. ನಮ್ಮ ಜನದ ಹತ್ರ? — ಎಂದು.

14 ಜುಲೈ, ಶುಕ್ರವಾರ

ಸುದ್ದಿ ಊರು ಬಿಟ್ಟು ಹೊರಟಿದೆ. ಅಜಿಬಾದೆ ಪರದೇಶದಲ್ಲಿ ತೀರಿಕೊಂಡರು ಎಂದು. ಯಾವುದೋ ರೇಡಿಯೊದವರು ಖಚಿತ ಮಾಡಿಕೊಳ್ಳಲು ಫೊಲಾಕೆಗೆ ಫೋನ್ ಮಾಡಿ, ಬದುಕಿದ್ದರೆ ಅವರೇ ಎರಡು ಮಾತಾಡಲಿ ಅಂದರಂತೆ. ಇವರು ಯೊರುಬಾದಲ್ಲಿ ಆಡಿದರು, ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಆಡಿದರು, ತಿಳಿಯಿತು. ಆದರೆ ಅಜಿಬಾದೆಯ ಇಂಗ್ಲಿಷನ್ನು ಅಲ್ಲಿ ಯಾರೂ ಯಾವತ್ತೂ ಕೇಳಿಲ್ಲ. ನಿರೂಪಕ ನಕ್ಕು, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ ಅಂದನಂತೆ.

ಅವತ್ತಿನ ಪೇಪರ್ ಕೈಯಲ್ಲಿ ಹಿಡಿಸಿ ಫೋಟೊ ತೆಗೆದು ಕಳಿಸಿದ್ದಾಳೆ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು ಎನ್ನುತ್ತಾರಂತೆ ಅಲ್ಲಿಯವರು. ಕುತ್ತಿಗೆಗೆ ಬಟ್ಟೆ ಯಾಕೆ ಕಟ್ಟಿದ್ದಾರೆ ಎಂದೂ.

ಕೇಶವರಿಗೆ ಹೇಳಿದೆ. ಊಟ ನಿಲ್ಲಿಸಿ ನೋಡಿದರು.

"ವಿನು, ಆ ಮನುಷ್ಯ ಬದುಕಿದಾನೆ. ಅದು ಲೆಕ್ಕಕ್ಕಿಲ್ವಾ?"

ಎಲ್ಲಿ ಬದುಕಿದ್ದಾರೆ ಎಂದು ಕೇಳಬೇಕೆನಿಸಿತು. ಸಾರು ಬಡಿಸಿದೆ.

19 ಜುಲೈ, ಬುಧವಾರ

ಎರಡು ಗುಂಡಿಯ ಯಂತ್ರ ತರಿಸಿದೆ. ಒಂದರಲ್ಲಿ ತಗ್ಗು, ಇನ್ನೊಂದರಲ್ಲಿ ಎತ್ತರ. ನಡುವಿನದಕ್ಕೆ ಗುಂಡಿ ಇಲ್ಲ. ಆದರೂ.

ಮೇಜಿನ ಮೇಲೆ ಬೆರಳಾಡಿಸಿ ಲಯ ನೋಡಿಕೊಂಡರು. ಅವರ ಕಡೆಯ ಡೋಲು ಮಾತಾಡುತ್ತದಂತೆ, ಅದನ್ನು ಬಾರಿಸಿಯೂ ಬಲ್ಲವರು. ಹೆಬ್ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹಾರಬೇಕು, ಪ್ರತಿ ಅಕ್ಷರಕ್ಕೂ. ಮಧ್ಯಾಹ್ನವಿಡೀ ಕೂತರು. ಬೆವರು. ನಾನು ಬೇರೆಯವರ ಅಪಾಯಿಂಟ್‌ಮೆಂಟ್ ಮುಂದೂಡಿದೆ. ಕೊನೆಗೆ ಫೊಲಾಕೆಯನ್ನು ಕರೆದು ಗೋಡೆಯ ಕಡೆ ತಿರುಗಿ ನಿಲ್ಲಿಸಿ, ಒಂದು ಸಣ್ಣ ವಾಕ್ಯ ಹೇಳಿದರು.

ಅವಳು ತಿರುಗಲೇ ಇಲ್ಲ.

"ಇನ್ನೊಂದ್ಸಲ, ಬಾಬಾ."

ಹೇಳಿದರು.

"ಊಟದ ವಿಷಯಾನಾ?"

ಅಲ್ಲ ಎಂದು ತಲೆಯಾಡಿಸಿದರು — ಅವಳ ಬೆನ್ನಿಗೆ. ಏನು ಹೇಳಿದಿರಿ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅದೇ ಯಂತ್ರದಲ್ಲಿ, ಇಂಗ್ಲಿಷಿನಲ್ಲಿ, ಒಂದಕ್ಷರ ತಪ್ಪದೆ ಹೇಳಿದರು: ನನ್ನ ಮಗಳೇ, ನಾನು ಸತ್ತಿಲ್ಲ.

9 ಆಗಸ್ಟ್

ನ್ಯಾಷನಲ್ ಡೇ. ಕಲ್ಲಾಂಗ್ ಸ್ಟೇಡಿಯಂ ನಮ್ಮ ಬ್ಲಾಕಿಗೆ ಹತ್ತಿರ. ವಿಮಾನಗಳ ಸದ್ದಿಗೆ ಕಿಟಕಿ ನಡುಗುತ್ತಿತ್ತು. ನೀರಜ್ ಗೆಳೆಯರ ಜೊತೆ ಬ್ಲಾಕಿನ ಕೆಳಗೆ, ತೆರೆದ ವಾಯ್ಡ್ ಡೆಕ್‌ನಲ್ಲಿ.

ಅನುವಾದದ ಕಾದಂಬರಿ ಒಂದನ್ನು ಹಿಡಿದು ಕೂತೆ. ಇಷ್ಟು ವರ್ಷ ಓದಿದ್ದೆಲ್ಲ ಹೆಚ್ಚುಕಡಿಮೆ ಅನುವಾದವೇ. ಮೂಲದ ದನಿ ಹೇಗಿತ್ತೋ ಗೊತ್ತಿಲ್ಲದೆ ಅನುವಾದಕರನ್ನು ನಂಬಿದವಳು. ಏನೋ ತಲುಪಿತು ಎಂದುಕೊಂಡು ಪುಸ್ತಕ ಮುಚ್ಚುತ್ತಿದ್ದೆ. ಇವತ್ತು ನಾಲ್ಕನೇ ಪುಟಕ್ಕೆ ನಿಂತೆ. ಎಲ್ಲ ಪಾತ್ರಗಳೂ ಒಂದೇ ಝೇಂಕಾರದಲ್ಲಿ ಮಾತಾಡುತ್ತಿದ್ದವು.

7 ಸೆಪ್ಟೆಂಬರ್, ಗುರುವಾರ

ಹೊಸ ರೋಗಿ. ಟ್ಯಾಕ್ಸಿ ಓಡಿಸುವವರು, ಅದೇ ಆಪರೇಷನ್. ಮಾದರಿ ಬಿಚ್ಚಿ ತೋರಿಸಿದೆ. ಆಮೇಲೆ ಮಾತಾಡಬಹುದಾ ಎಂದು ಅವರ ಹೆಂಡತಿ ಕೇಳಿದರು. ಯಾರ ಹತ್ತಿರ ಮಾತಾಡಬೇಕು, ಯಾವ ಭಾಷೆಯಲ್ಲಿ, ಫೋನಿನಲ್ಲಾ ಎದುರಿಗಾ — ಕೇಳುತ್ತಾ ಹೋದೆ. ಆಕೆ ಹೆದರಿದರು. ಮುಖ್ಯಸ್ಥೆಗೆ ದೂರು ಹೋಯಿತು.

ಅಜಿಬಾದೆ ಕೇಸಿನಿಂದ ನೀನು ಹೊರಬರಬೇಕು ಅಂದರು ಮುಖ್ಯಸ್ಥೆ. ಕ್ಯಾನ್ಸರ್ ಹೋಗಿದೆ, ಊಟ ಮಾಡುತ್ತಾರೆ, ಸಂವಹನ ಸಾಧ್ಯವಿದೆ — ಇನ್ನೇನು ಬೇಕು? ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಇಲ್ಲ.

8 ಅಕ್ಟೋಬರ್, ಭಾನುವಾರ

ಸುಮಾತ್ರಾದ ಕಾಡುಗಳಿಗೆ ಹಚ್ಚಿದ ಬೆಂಕಿಯ ಹೊಗೆ ಇಲ್ಲಿಯವರೆಗೆ. ಎದುರಿನ ಬ್ಲಾಕ್ ಕಾಣುವುದಿಲ್ಲ. ಕುತ್ತಿಗೆಯಲ್ಲಿ ಉಸಿರಾಡುವವರಿಗೆ ಮೂಗಿನ ತಡೆಯೂ ಇಲ್ಲ, ಹೊಗೆ ನೇರ ಶ್ವಾಸಕೋಶಕ್ಕೆ. ಒದ್ದೆ ಮಾಡಿ ಕಟ್ಟುವ ಬಟ್ಟೆಗಳನ್ನು ತೆಗೆದುಕೊಂಡು ಸೆಂಬವಾಂಗ್‌ಗೆ ಹೋದೆ. ರೋಗಿಯ ಮನೆಗೆ ಹೋಗುವುದು ನಮ್ಮಲ್ಲಿ ಸಲ್ಲದು. ಹೋದೆ.

ಕಿಟಕಿಗಳಿಗೆ ಟೇಪು. ಟಿವಿ ಹಚ್ಚಿತ್ತು. ಊರಿಂದ ಬಂದ ವಿಸಿಡಿ — ಇವರಿಗೆ ಶ್ರದ್ಧಾಂಜಲಿ. ಹಳೆಯ ಶಿಷ್ಯನೊಬ್ಬ ಗುರುವಿನ ದನಿಯಲ್ಲೇ ಇವರ ಪ್ರಸಿದ್ಧ ಮಂತ್ರಗಳನ್ನು ಹೇಳಿದ್ದಾನೆ. ಒಳ್ಳೆಯ ವ್ಯಾಪಾರವಂತೆ. ಈಗ ಮಂತ್ರವಾದಿಯ ಪಾರ್ಟುಗಳೆಲ್ಲ ಅವನಿಗೇ.

"ಹೇಗಿದೆ?" ಎಂದು ಕೇಳಿದೆ. ಇವರು ಯಂತ್ರ ಎತ್ತಿಕೊಂಡರು. "ಚೆನ್ನಾಗಿ ಮಾಡ್ತಾನೆ. ಕೊನೆಕೊನೆಗೆ ನಾನೂ ಇಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ."

ಫೊಲಾಕೆ ಅಡುಗೆಮನೆಯಲ್ಲಿ ಹೇಳಿದಳು. ಅಮ್ಮನಿಗೆ ಈಗ ನಂಬಿಕೆ ಬಂದಿದೆಯಂತೆ, ಅಪ್ಪ ಇದ್ದಾರೆಂದು. "ಆದ್ರೆ ಫೋನ್ ಕೊಡ್ಬೇಡ ಅಂತಾಳೆ. ನನ್ನ ಕಿವೀಲಿರೋದನ್ನ ಹಾಳ್ ಮಾಡ್ಕೊಳಲ್ಲ ಅಂತಾಳೆ."

ಅದು ಅಪ್ಪನಿಗೆ ಗೊತ್ತಾ ಅಂದೆ. ಸ್ಪೀಕರ್ ಹಾಕಿತ್ತು ಅಂದಳು.

3 ನವೆಂಬರ್, ಶುಕ್ರವಾರ

ಹಡಗಿನ ಕೆಲಸ ಮುಗಿಯಿತು. ನಾಳಿದ್ದು ಅಪ್ಪ ಮಗಳು ಲೇಗೋಸ್‌ಗೆ. ಕೊನೆಯ ಭೇಟಿಗೆ ಬಂದಿದ್ದರು. ಉದ್ದನೆಯ ಬಿಳಿ ನಿಲುವಂಗಿ, ಟೋಪಿ. ಪರೀಕ್ಷೆ ಮಾಡಲು ಬಿಡಲಿಲ್ಲ. ಯಂತ್ರ, ಬ್ಯಾಟರಿ, ಚಾರ್ಜರ್ ಮೂರನ್ನೂ ನನ್ನ ಮೇಜಿನ ಮೇಲಿಟ್ಟರು. ಇದು ನಿಮ್ಮದೇ, ಒಯ್ಯಿರಿ ಅಂದೆ. ಬೇಡವೆಂದು ಕೈಯಾಡಿಸಿದರು. ಇನ್ನು ಯಾರ ಹತ್ತಿರವೂ ಮಾತಿಲ್ಲ ಎಂದು ತೀರ್ಮಾನಿಸಿದ್ದಾರೆ ಅಂದಳು ಫೊಲಾಕೆ. ಅವಳ ಹತ್ತಿರವೂ.

ಆಮೇಲೆ ಎದ್ದು ನಿಂತರು. ಕುರ್ಚಿ ಹಿಂದೆ ಸರಿಸಿದರು, ಜಾಗ ಮಾಡಿಕೊಂಡರು. ಬಲಗೈ ಎತ್ತಿ, ನನ್ನ ಮುಖ ನೋಡುತ್ತಾ, ಬಾಯಿ ತೆರೆದು ಹೇಳತೊಡಗಿದರು.

ಸದ್ದಿಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಒಳಹೊರಗೆ ಆಡುತ್ತಿತ್ತು. ತುಟಿ, ಹುಬ್ಬು, ಹೆಗಲು ಎಲ್ಲ ಮಾತಾಡುತ್ತಿದ್ದವು. ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಗದ್ದದಲ್ಲಿ ಕಾಣುತ್ತಿತ್ತು — ಕಂಡರೆ ಏನು. ಬಾಗಿಲಲ್ಲಿ ನರ್ಸು ಬಂದು ನಿಂತಳು, ಹಾಗೇ ಹಿಂದೆ ಹೋದಳು. ತುಂಬ ಹೊತ್ತು. ಮುಗಿಯಿತು. ಕೈ ಇಳಿಸಲಿಲ್ಲ.

"ಕಾಯ್ತಿದಾರೆ," ಅಂದಳು ಫೊಲಾಕೆ.

"ಏನಕ್ಕೆ?"

"ಹಿರಿಯರು ಹೀಗೆ ಕೈಯೆತ್ತಿ ಹೇಳಿದ್ರೆ ಕೇಳಿದವರು ಒಂದು ಮಾತು ಹೇಳ್ಬೇಕು. ಹಾಗೇ ಆಗಲಿ ಅಂತ. ಹೇಳೋವರ್ಗೂ ಕೈ ಇಳಿಸಲ್ಲ. ಹೇಳಿದ್ಮೇಲೇನೇ ಅದು ನಡೆಯೋದು."

"ಹಾಗಾದ್ರೆ ನೀನೇ ಹೇಳು."

ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. "ಏನ್ ಹೇಳಿದ್ರು ನಂಗ್ ಗೊತ್ತಾಗ್ಲಿಲ್ಲ ಮ್ಯಾಡಮ್. ಹಳೇ ಭಾಷೆ, ಸದ್ದಿಲ್ದೆ ನಂಗೆ ಬರಲ್ಲ. ಆಶೀರ್ವಾದ ಆಗಿದ್ರೆ ಸರಿ. ಶಾಪ ಆಗಿದ್ರೆ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಅವರು ನೋಡುತ್ತಿದ್ದುದು ನನ್ನನ್ನೇ. ಆ ಕಣ್ಣಿನಲ್ಲಿ ಕೋಪವಿತ್ತೇ, ಕರುಣೆಯಿತ್ತೇ — ಎರಡನ್ನೂ ನಟಿಸಿ ಬಲ್ಲ ಮುಖ.

ಎತ್ತಿದ ಕೈಗೆ ಎಡಗೈ ಆನಿಸಿಕೊಂಡರು.

ಆ ಮಾತು ಏನು, ನನಗೆ ಹೇಳಿಕೊಡು ಅಂದೆ. ಬೇಡ ಮ್ಯಾಡಮ್ ಅಂದಳು. ಹೇಳಿಕೊಡು ಅಂದೆ. ಕಿವಿಯಲ್ಲಿ ಹೇಳಿದಳು. ಚಿಕ್ಕ ಪದ. ಎರಡೇ ಅಕ್ಷರ. ಅವಳು ಪಿಸುಗುಟ್ಟಿದ್ದರಿಂದ ಸ್ವರ ಕೇಳಿಸಲಿಲ್ಲ.

ಅವರ ಎದುರಿಗೆ ಹೋಗಿ ನಿಂತೆ. ಬಾಯಿ ತೆರೆದೆ. ಮೊದಲ ಅಕ್ಷರ ಎತ್ತರವೋ, ತಗ್ಗೋ, ಗೊತ್ತಿರಲಿಲ್ಲ.